ಟಾಲ್‌ಮಾಂ ದೆ ರೆಯೋ ಯಾರು? ಅವನ ಕಿರುಚರಿತ್ರೆಗಳನ್ನು ನಂಬಬಹುದೇ?

ಜೆದೆಯೋಂ ಟಾಲ್‌ಮಾಂ ದೆ ರೆಯೋ (1619–1692) ಫ್ರಾನ್ಸಿನ ಲಾ ರೊಶೆಲ್ ಪಟ್ಟಣದ ಶ್ರೀಮಂತ ಪ್ರಾಟೆಸ್ಟಂಟ್ ಮನೆತನದಲ್ಲಿ ಹುಟ್ಟಿದವನು. ನಾಲ್ಕನೆಯ ಹೆನ್ರಿ ಮತ್ತು ಹದಿಮೂರನೆಯ ಲೂಯಿಯ ಕಾಲದ ಅರಸರು, ಮಂತ್ರಿಗಳು, ಕವಿಗಳು, ಕುಲೀನ ಸ್ತ್ರೀಯರು ಇವರೆಲ್ಲರ ಖಾಸಗಿ ಬದುಕಿನ ಸಂಗತಿಗಳನ್ನು, ಅವುಗಳಲ್ಲಿ ಎಷ್ಟನ್ನೋ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಸಾಹಿತ್ಯಗೋಷ್ಠಿ ನಡೆಸುತ್ತಿದ್ದ ಕುಲೀನ ಮಹಿಳೆ ರಾಂಬುಯೆಯ ಮಾರ್ಕೀಸಳ ಬಾಯಿಂದಲೇ ಕೇಳಿ, 1657ರ ಸುಮಾರಿನಿಂದ ‘ಇಸ್ತೋರಿಯೆತ್’ ಎಂಬ ಕಿರುಚರಿತ್ರೆಗಳಾಗಿ ಬರೆದಿಟ್ಟನು. ಹಸ್ತಪ್ರತಿಯಾಗಿಯೇ ಉಳಿದಿದ್ದ ಈ ಕೃತಿ ಮೊದಲು ಅಚ್ಚಾದದ್ದು 1834–35ರಲ್ಲಿ. ಆಗ ಅದನ್ನು ಬರಿಯ ಚಾಡಿಮಾತೆಂದು ತಳ್ಳಿಹಾಕಿದವರಿದ್ದರು, ಆದರೆ ಬೇರೆ ದಾಖಲೆಗಳೊಡನೆ ಹೋಲಿಸಿ ನೋಡಿದ ವಿದ್ವಾಂಸರಿಗೆ ಅದರ ಹಲವು ವಿವರಗಳು ಸರಿಯೆಂದೇ ಕಂಡವು. ಹುಟ್ಟುವುದಕ್ಕೆ ಮೊದಲೇ ನಡೆದದ್ದನ್ನು ಅವನು ಕೇಳಿ ಬರೆದಿರುವುದರಿಂದ ಅಂಥ ಭಾಗಗಳನ್ನು ಎಚ್ಚರದಿಂದ ಓದಬೇಕು; ಕವಿ ಮಲೆರ್ಬನ ಒರಟು ಮಾತಿನಂಥ ಜೀವಂತ ಚಿತ್ರಗಳಿಗಂತೂ, ನನ್ನ ದೃಷ್ಟಿಯಲ್ಲಿ, ಆ ಕಾಲದ ಅಧಿಕೃತ ಚರಿತ್ರೆಗಳಲ್ಲಿ ಸಾಟಿಯಿಲ್ಲ.