ಮಠದ ನೆಲಕ್ಕೆ ಹಾಸಿದ ಬೀಸುಕಲ್ಲು

ಮಧ್ಯಯುಗದ ಇಂಗ್ಲೆಂಡಿನ ರೈತರ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ವಿಲೀನ್ ಅಂದರೆ ಗುಲಾಮ ಎಂದಿದ್ದೀರಿ. ಮುಂದಿನ ಪುಟದಲ್ಲೇ ಅವನಿಗೆ ಹೊಲ ಇತ್ತು, ಕೋರ್ಟಿಗೂ ಹೋಗುತ್ತಿದ್ದ ಅಂತೀರಿ. ಯಾವುದನ್ನು ನಂಬಲಿ?"

ತಪ್ಪು ನಮ್ಮದೇ. ವಿಲೀನ್ ಗುಲಾಮನಲ್ಲ, ಧಣಿಯ ಜಮೀನಿಗೆ ಕಟ್ಟುಬಿದ್ದ ರೈತ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜನ-ಜಮೀನಿನ ಗಣತಿ, ಅಂದರೆ ಡೂಮ್ಸ್‌ಡೇ ದಫ್ತರದಲ್ಲೇ ಗುಲಾಮರ ಲೆಕ್ಕ ಬೇರೆ, ವಿಲೀನರ ಲೆಕ್ಕ ಬೇರೆ. ವಿಲೀನನಿಗೆ ಮನೆ, ಎತ್ತು, ಊರಿನ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ ಹೊಲ ಇರುತ್ತಿತ್ತು. ಆದರೆ ಧಣಿ ಹೂಂ ಅನ್ನದೆ ಊರು ಬಿಡುವಂತಿಲ್ಲ. ಎಷ್ಟೋ ಕಡೆ ವಾರಕ್ಕೆ ಎರಡು ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಮೆ. ಮಗಳ ಮದುವೆಗೆ ಕಾಣಿಕೆ. ಅವನು ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಧಣಿಯ ಪಾಲು. (ಸಿನಿಮಾದ 'ವಿಲನ್' ಹುಟ್ಟಿದ್ದೂ ಈ ಬಡಪಾಯಿಯ ಹೆಸರಿನಿಂದಲೇ!) ಇನ್ನು ಕೋರ್ಟು: ಅದು ಧಣಿಯದೇ ಕೋರ್ಟು, ದಂಡ ಹೋಗುತ್ತಿದ್ದದ್ದೂ ಅವನ ಪೆಟ್ಟಿಗೆಗೆ. ಆದರೂ ಊರಿನ ವಾಡಿಕೆ ಏನೆಂದು ಹೇಳುತ್ತಿದ್ದವರು ಊರವರೇ. ಜಮೀನಿನ ವಿಷಯದಲ್ಲಿ ಧಣಿಯ ಮೇಲೆ ರಾಜನ ಕೋರ್ಟಿಗೆ ಹೋಗುವ ದಾರಿ ಮಾತ್ರ ಅವನಿಗಿರಲಿಲ್ಲ.

ಲೇಖನದಲ್ಲಿ ಬಿಟ್ಟುಹೋದದ್ದು ಬೀಸುಕಲ್ಲಿನ ಕಥೆ. ಧಣಿಯ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು, ಕಾಳಿನಲ್ಲಿ ಒಂದು ಪಾಲು ಅಲ್ಲೇ ಬಿಟ್ಟು ಬರಬೇಕು. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿಗೆ ಅಲ್ಲಿನ ಕ್ರೈಸ್ತ ಮಠವೇ ಧಣಿ. ಆ ಮಠದ ಒಕ್ಕಲುಗಳು ಮನೆಯಲ್ಲೇ ಬೀಸಿಕೊಳ್ಳತೊಡಗಿದರು. 1330ರ ದಶಕದ ಆರಂಭದಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಆ ಬೀಸುಕಲ್ಲುಗಳನ್ನೆಲ್ಲ ಕಿತ್ತು ತರಿಸಿ, ಮಠದ ಪಡಸಾಲೆಯ ನೆಲಕ್ಕೆ ಹಾಸಿಸಿಬಿಟ್ಟ. ಗ್ರಹಗತಿ ತೋರಿಸುವ ಗಡಿಯಾರ ರೂಪಿಸಿದ ಮಹಾ ಬುದ್ಧಿವಂತ ಈತ. ಕಮ್ಮಾರನ ಮಗ ಬೇರೆ. ಮನೆಮನೆಯ ಕಲ್ಲನ್ನು ಕಾಲಡಿಗೆ ಹಾಕಿಕೊಳ್ಳುವ ಯೋಚನೆ ಅವನಿಗೆ ಹೇಗೆ ಬಂತೋ.

ಐವತ್ತು ವರ್ಷವಾದರೂ ಊರು ಮರೆಯಲಿಲ್ಲ. 1381ರ ರೈತ ದಂಗೆಯಲ್ಲಿ ಜನ ಒಳನುಗ್ಗಿ ಆ ಹಾಸುಗಲ್ಲು ಎಬ್ಬಿಸಿದರು, ಒಡೆದರು, ಚರ್ಚಿನಲ್ಲಿ ಭಾನುವಾರ ಹಂಚುವ ರೊಟ್ಟಿಯ ಹಾಗೆ ಆಳಿಗೊಂದು ಚೂರು ಹಂಚಿಕೊಂಡರು. ಆ ಚೂರಿನಲ್ಲಿ ಬೀಸಲು ಬರುತ್ತದೆಯೇ? ಆದರೂ ಮನೆಗೆ ಒಯ್ದರು. ಅದೇ ಬೇಸಿಗೆ ರಾಜ ಊರಿಗೆ ಬಂದ, ಮುಂದಾಳುಗಳನ್ನು ಗಲ್ಲಿಗೇರಿಸಿದರು, ದಂಗೆಯ ಹೊತ್ತಿನಲ್ಲಿ ಜನ ಮಠದಿಂದ ಬರೆಸಿಕೊಂಡಿದ್ದ ಹಕ್ಕುಪತ್ರಗಳೂ ರದ್ದಾದವು.

ಜಾಲತಾಣದ ಪ್ರತಿಯಲ್ಲಿ 'ಗುಲಾಮ' ತೆಗೆದು 'ಒಕ್ಕಲು' ಎಂದು ಹಾಕಿದ್ದೇವೆ. ಅದೂ ಪೂರ್ತಿ ಒಪ್ಪುವುದಿಲ್ಲ. ಒಕ್ಕಲಾದವನು ಬೇಡವೆಂದರೆ ಎದ್ದು ಹೋಗಬಲ್ಲ. ಇದಕ್ಕಿಂತ ಸರಿಯಾದ ಮಾತು ಹೊಳೆದರೆ ತಾವೇ ಬರೆದು ತಿಳಿಸಿ.

— ಸಂಪಾದಕ