ಕರಾವಳಿಯ ಝೂಪ್ಲಾಂಕ್ಟನ್ ಮೇಲೆ ಯಾವುದರ ಹಿಡಿತ ಜಾಸ್ತಿ: ಉಪ್ಪೋ, ಬಿಸಿಯೋ, ಆಮ್ಲಜನಕವೋ?

ಯಾದಗಿರಿಯಲ್ಲಿ ಎಂ.ಎಸ್ಸಿ ಓದುತ್ತಾ ಅರಬ್ಬಿ ಸಮುದ್ರದ ಝೂಪ್ಲಾಂಕ್ಟನ್ (ನೀರಿನ ಜೊತೆ ತೇಲಾಡುವ ಪುಟ್ಟ ಪ್ರಾಣಿಗಳು) ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೀರಿ, ನೀರಿನ ಯಾವ ಗುಣವನ್ನು ಮೊದಲು ಅಳೆಯಲಿ ಎಂದು ಕೇಳಿದ್ದೀರಿ. ನಾನು ಕಲಬುರಗಿಯವನು. ನಾನೂ ಸಮುದ್ರವನ್ನು ಮೊದಲ ಸಲ ನೋಡಿದ್ದು ಪ್ರಾಜೆಕ್ಟಿಗೆ ಅಂತ ಕಾರವಾರಕ್ಕೆ ಹೋದಾಗಲೇ.

ದಡದ ಹತ್ತಿರ ಕೆಲಸ ಮಾಡುವುದಾದರೆ ಮೊದಲು ಉಪ್ಪು ನೋಡಿ.

ನನಗೆ ಇದು ಗೊತ್ತಾಗಿದ್ದು ಒಂದು ಎಡವಟ್ಟಿನಿಂದ. ಬಲೆ ಎಳೆದಾಗಿತ್ತು, ಅದಕ್ಕೆ ಅಂಟಿಕೊಂಡಿದ್ದನ್ನು ಡಬ್ಬಿಗೆ ಇಳಿಸಬೇಕಿತ್ತು, ಕೈಯಲ್ಲಿ ಕುಡಿಯೋ ನೀರಿನ ಬಾಟಲಿ ಇತ್ತು, ಹಿಂದೆಮುಂದೆ ನೋಡದೆ ಅದನ್ನೇ ಸುರಿದು ತೊಳೆದೆ. ಆಗಷ್ಟೇ ಚಿಮ್ಮುತ್ತಿದ್ದ, ಸೀಗಡಿ ಬಳಗದ ಪುಟ್ಟ ಜೀವಿಗಳಾದ ಕೊಪೆಪಾಡ್‌ಗಳು ಸ್ವಲ್ಪ ಹೊತ್ತಿಗೆ ತಳ ಸೇರಿದವು. ದೋಣಿಯಣ್ಣ ಡಬ್ಬಿ ನೋಡಿ ನಕ್ಕ. "ಸಿಹಿನೀರು ಹಾಕಿದ್ರೆ ಬದುಕ್ತಾವಾ?" ಅಂದ. ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಆದರೂ ಹೊಳೆದಿರಲಿಲ್ಲ.

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಕಾಳಿ, ಶರಾವತಿ, ನೇತ್ರಾವತಿ ತುಂಬಿ ಬಂದಾಗ ಅಳಿವೆಯ ಮೇಲ್ಪದರ ಹೆಚ್ಚುಕಡಿಮೆ ಹೊಳೆಯ ನೀರೇ ಆಗಿಬಿಡುತ್ತದೆ. ಉಪ್ಪಿಲ್ಲದೆ ಬದುಕದವು ಸಾಯುತ್ತವೆ ಇಲ್ಲವೇ ಹೊರಗೆ ತಳ್ಳಲ್ಪಡುತ್ತವೆ, ಉಪ್ಪಿನ ಏರಿಳಿತ ತಾಳುವ ಕೆಲವೇ ಜಾತಿಗಳು ಉಳಿಯುತ್ತವೆ, ಹೊಳೆಯ ಜೊತೆ ಸಿಹಿನೀರಿನ ಸೂಕ್ಷ್ಮ ಜೀವಿಗಳಾದ ರೋಟಿಫರ್‌ಗಳೂ ಬರುತ್ತವೆ. ಮಳೆ ನಿಂತು ಉಪ್ಪು ಏರಿದ ಹಾಗೆ ಸಮುದ್ರದವು ವಾಪಸ್ ಬರುತ್ತವೆ. ಇನ್ನೊಂದು ವಿಷಯ, ಸಿಹಿನೀರು ಹಗುರ, ಅದು ಮೇಲೆ ತೇಲುತ್ತದೆ, ಉಪ್ಪುನೀರು ಅದರ ಕೆಳಗೆ ನುಸುಳಿರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಮೇಲಿನ ನೀರಿನಲ್ಲಿ ಒಂದು ಗುಂಪು, ತಳದಲ್ಲಿ ಬೇರೆಯದೇ ಗುಂಪು. ಮೇಲೆ ಮಾತ್ರ ಬಲೆ ಎಳೆದರೆ ಅರ್ಧ ಕಥೆಯೇ ಸಿಗುವುದು.

ಬಿಸಿಯ ಬಗ್ಗೆ ನಮ್ಮ ಕಡೆಯವರಿಗೆ ಸಹಜವಾಗಿಯೇ ಜಾಸ್ತಿ ಯೋಚನೆ. ಮೇ ತಿಂಗಳಲ್ಲಿ 42 ಡಿಗ್ರಿ ಕಂಡವರು ನಾವು! ಆದರೆ ಕರಾವಳಿಯ ಮೇಲ್ನೀರು ವರ್ಷದ ಬಹುಪಾಲು 25ರಿಂದ 31 ಡಿಗ್ರಿಯ ಆಸುಪಾಸಿನಲ್ಲೇ ಓಡಾಡುತ್ತದೆ. ಬಿಸಿ ಏನೂ ಮಾಡುವುದಿಲ್ಲ ಅಂತಲ್ಲ. ಬೆಚ್ಚಗಿನ ನೀರಿನಲ್ಲಿ ಸಣ್ಣ ಕೊಪೆಪಾಡ್ ಒಂದೆರಡು ವಾರದಲ್ಲೇ ಮೊಟ್ಟೆಯಿಂದ ದೊಡ್ಡದಾಗುತ್ತದೆ. ತಿಂಗಳಿಗೊಮ್ಮೆ ಹೋಗಿ ಬಂದರೆ ನಡುವೆ ಒಂದು ತಲೆಮಾರೇ ಬಂದು ಹೋಗಿರುತ್ತದೆ.

ಆಮ್ಲಜನಕ ಮುಖ್ಯವಾಗುವುದು ಮುಂಗಾರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ಜೋರಿಗೆ ಪಶ್ಚಿಮ ಕರಾವಳಿಯ ಮೇಲ್ನೀರು ಆಚೆ ಸರಿದು, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಕೇರಳದ ಕಡೆ ಇದು ಜೋರು, ಉತ್ತರಕ್ಕೆ ಬಂದಂತೆ ಕಡಿಮೆ. ಆ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶ ತುಂಬಿರುತ್ತದೆ, ಆಮ್ಲಜನಕ ಮಾತ್ರ ಕಡಿಮೆ. ಡಯಾಟಂ ಎಂಬ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅದನ್ನು ತಿನ್ನುವವು ಹೆಚ್ಚುತ್ತವೆ. ಪೆನಿಲಿಯಾ, ಇವಾಡ್ನೆ ಎಂಬ ಕ್ಲಾಡೊಸೆರಾಗಳು (ನೀರುಚಿಗಟದಂಥ ಪುಟ್ಟ ಜೀವಿಗಳು) ಗಂಡಿಲ್ಲದೆಯೂ ಮರಿ ಹಾಕುತ್ತವೆ, ಅದಕ್ಕೇ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಬಲೆ ತುಂಬಾ ಅವೇ. ಕೆಳಗೆ ಉಸಿರಾಡಲು ಆಗದ ಜಾತಿಗಳು ಮೇಲಿನ ತೆಳು ಪದರದಲ್ಲಿ ಒತ್ತೊತ್ತಾಗಿ ಸೇರುತ್ತವೆ. ಬೂತಾಯಿ ಮೀನಿಗೆ ಹಬ್ಬ.

ಒಟ್ಟು ಎಷ್ಟು ಸಿಕ್ಕವು ಎಂಬ ಒಂದೇ ಅಂಕಿ ಇಟ್ಟುಕೊಂಡು ಗ್ರಾಫ್ ಹಾಕಬೇಡಿ, ಎರಡು ತಿಂಗಳಲ್ಲೂ ಒಂದೇ ಸಂಖ್ಯೆ ಬಂದರೂ ಒಳಗಿರುವ ಜಾತಿಗಳು ಪೂರ್ತಿ ಬೇರೆ ಇರಬಹುದು ಅಲ್ವಾ? ಬಲೆಯ ಕಣ್ಣೂ ನೋಡಿಕೊಳ್ಳಿ. 300 ಮೈಕ್ರಾನ್ ಬಲೆಯಲ್ಲಿ ಒಯಿಥೋನಾದಂಥ ಸಣ್ಣ ಕೊಪೆಪಾಡ್‌ಗಳು ನುಸುಳಿ ಹೋಗುತ್ತವೆ, 200 ಆದರೆ ವಾಸಿ. ಹಗಲು ಎಳೆದಿರೋ ರಾತ್ರಿಯೋ ಅಂತ ಬರೆದಿಡಿ, ಯಾಕಂದರೆ ಎಷ್ಟೋ ಜಾತಿ ಹಗಲಲ್ಲಿ ಕೆಳಗಿದ್ದು ಕತ್ತಲಾದ ಮೇಲೆ ಮೇಲೆ ಬರುತ್ತವೆ.

ಬಲೆ ಎಳೆದು ಅಭ್ಯಾಸ ಮಾಡಲು ನಿಮ್ಮೂರ ಕೆರೆಯೇ ಸಾಕು. ಸಿಗುವ ಮುಖಗಳು ಬೇರೆ, ರೋಟಿಫರ್ ಮತ್ತು ಮೊಯಿನಾ ಎಂಬ ಸಿಹಿನೀರಿನ ಕ್ಲಾಡೊಸೆರಾ ಜಾಸ್ತಿ, ಆದರೆ ಕೈ ಪಳಗುತ್ತದೆ. ಸಮುದ್ರಕ್ಕೆ ಹೋದಾಗ ಬಲೆ ತೊಳೆಯಲು ಅಲ್ಲಿನ ನೀರನ್ನೇ ಸೋಸಿ ಒಂದು ಬಕೆಟ್ಟಿನಲ್ಲಿ ಇಟ್ಟುಕೊಳ್ಳಿ. ಬಾಟಲಿ ನೀರು ಕುಡಿಯೋಕೆ ಮಾತ್ರ.