ಎಲ್ಲರನ್ನೂ ಒಳಗೊಳ್ಳುವ ನಗರಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಏನು ಸಂಬಂಧ?

ಈ ಸಂಬಂಧ ಹಾಸನದಂಥ ಊರಿಗೂ ಅನ್ವಯಿಸುತ್ತದೆಯೇ, ಅದರ ಸಂಶೋಧನೆ ಹೇಗಿರುತ್ತದೆ ಎಂದೂ ನೀವು ಕೇಳಿದ್ದೀರಿ. ಹಾಸನದಲ್ಲಿ ಇದೇ ವಿಷಯ ಬೋಧಿಸುವವನಾಗಿ ಉತ್ತರಿಸುತ್ತೇನೆ.

ರೋಗದ ಕಾರಣ ದೇಹದಲ್ಲಷ್ಟೇ ಅಲ್ಲ, ಊರಿನ ರಚನೆಯಲ್ಲಿಯೂ ಇರುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮಧುಮೇಹವಿರುವ ಹಿರಿಯರೊಬ್ಬರು ಹಾಸನದ ಬಿ.ಎಂ. ರಸ್ತೆಯಂಥ ವಾಹನದಟ್ಟಣೆಯ ದಾರಿಯನ್ನು ನಿರ್ಭಯವಾಗಿ ದಾಟಲಾರದಿದ್ದರೆ, ವೈದ್ಯರ ಆ ಸಲಹೆ ಚೀಟಿಯಲ್ಲೇ ಉಳಿಯುತ್ತದೆ. ಸಂತೆಯಲ್ಲಿ ದಿನವಿಡೀ ಸೊಪ್ಪು ಮಾರುವ ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೂತ್ರನಾಳದ ಸೋಂಕಿಗೆ ಅದೂ ದಾರಿ ಮಾಡಿಕೊಡುತ್ತದೆ. ಇದನ್ನು ನಾನು ಸಣ್ಣ ವಿಷಯವೆಂದು ಎಂದೂ ಭಾವಿಸಿಲ್ಲ.

ಕಾನೂನು ಇಲ್ಲವೆಂದಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಊರಿನ ಬೀದಿ ವ್ಯಾಪಾರದ ವಿಚಾರ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ.

ಸಂಶೋಧನೆಯ ಬದುಕಿನಲ್ಲಿ ಅಂಕಿಅಂಶಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಜನರ ನಂಬಿಕೆ ಗಳಿಸುವ ಕೆಲಸ. ಗಾಲಿಕುರ್ಚಿಯಲ್ಲಿ ಓಡಾಡುವವರ ಜೊತೆ ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ ಒಮ್ಮೆ ಹೋಗಿಬಂದರೆ, ಪ್ರಶ್ನಾವಳಿಯಲ್ಲಿ ಕೇಳಲು ಹೊಳೆಯದ ಪ್ರಶ್ನೆಗಳು ಹುಟ್ಟುತ್ತವೆ. ಕಂಡುಕೊಂಡದ್ದನ್ನು ಇಂಗ್ಲಿಷ್ ಸಂಶೋಧನಾ ಪತ್ರಿಕೆಗೆ ಕಳುಹಿಸುವ ಮೊದಲು ಅದೇ ಜನರೆದುರು ಕನ್ನಡದಲ್ಲಿ ಓದಿ ಹೇಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಏಕೆಂದರೆ ನಮ್ಮ ತಪ್ಪುಗಳನ್ನು ಮೊದಲು ಗುರುತಿಸುವವರು ಅವರೇ.